ಪಂಚಾಯ್ತಿ ಕರೆಂಟ್ ಬಿಲ್ ಇಳಿಸಿದ್ದು: ನನ್ನ ಅನುಭವ

"ಮೀಟರ್ ಎಣಿಸಿದ್ರೆ ಬಿಲ್ ಇಳಿಯುತ್ತೇನ್ರೀ?" ಅಂತ ತಾಲ್ಲೂಕು ಮೀಟಿಂಗಲ್ಲಿ ನಕ್ಕ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮಿತ್ರರೇ ಈಗ ನನ್ನ ಮೀಟರ್ ಲೆಕ್ಕದ ಎಕ್ಸೆಲ್ ಶೀಟ್ ಕೇಳ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಯ್ತು, ಅದಕ್ಕೇ ಬರೀತಿದ್ದೇನೆ.

ನಮ್ಮದು ಕಡೂರು ಕಡೆಯ ಬಯಲುಸೀಮೆ ಪಂಚಾಯ್ತಿ. ಕುಡಿಯೋ ನೀರಿಗೆ ಬೋರ್‌ವೆಲ್ಲೇ ಗತಿ. ನೀರು, ಬೀದಿ ದೀಪ ಸೇರಿ ತಿಂಗಳಿಗೆ 1 ಲಕ್ಷ 40 ಸಾವಿರದ ಹತ್ತಿರ ಬಿಲ್. ಬಿಲ್ ಕಟ್ಟೋಕಂತಲೇ ದುಡ್ಡು ತೆಗೆದಿಟ್ಟಿರೋ ಎಸ್ಕ್ರೋ ಖಾತೆಯಿಂದ ಕಟ್ಟಾಗುತ್ತಲ್ಲ ಅಂತ ಯಾರಿಗೂ ಬಿಸಿ ತಟ್ಟಿರಲಿಲ್ಲ.

ಮೊದಲು ಎಲ್ಲರ ಹಾಗೆ ಸಾಮಾನು ತಂದೆವು. ಬೀದಿ ದೀಪಕ್ಕೆ ಲೈಟ್ ಸೆನ್ಸರ್. ಹುಣಸೆ ಮರದಡಿಯದು ಮಧ್ಯಾಹ್ನವೂ ಉರೀತಿತ್ತು. ಇನ್ನು ಕೆಲವು ತಮ್ಮ ದೀಪದ ಬೆಳಕನ್ನೇ ಹಗಲು ಅಂದ್ಕೊಂಡು ಆರಿ, ಮತ್ತೆ ಹತ್ತಿ, ರಾತ್ರಿಯಿಡೀ ಮಿಣಮಿಣ. ಸುಮಾರು 18 ಸಾವಿರ ನೀರುಪಾಲು, ಮೇಲೆ ಆಡಿಟ್ ಆಕ್ಷೇಪಣೆ ಬೇರೆ. ಆಮೇಲೆ ಮೋಟಾರನ್ನ ಫೋನಿಂದಲೇ ಆನ್-ಆಫ್ ಮಾಡೋ ಮೊಬೈಲ್ ಸ್ಟಾರ್ಟರ್. ಅದರ ಸಿಮ್ ರೀಚಾರ್ಜನ್ನ ಯಾವ ಖರ್ಚಿನ ಹೆಡ್ಡಿಗೆ ಹಾಕೋದು ಅಂತ ಸಭೆಯಲ್ಲಿ ಚರ್ಚೆ ಮುಗಿಯೋದ್ರೊಳಗೆ ಸಿಮ್ಮೇ ಬಂದ್ ಆಗಿತ್ತು.

ಆಗ ಹಳೇ ಬಿಲ್‌ಗಳ ಕಂತೆ ಹಿಡ್ಕೊಂಡು ನೀರುಗಂಟಿಗಳ ಜೊತೆ ಒಂದೊಂದೇ ಆರ್‌ಆರ್ ನಂಬರ್ (ಬಿಲ್ಲಲ್ಲಿರೋ ಕರೆಂಟ್ ಸಂಪರ್ಕದ ನಂಬರ್) ಹುಡುಕ್ಕೊಂಡು ಹೊರಟೆ. ಒಂದು ಕಡೆ ಪ್ಯಾನೆಲ್ ಬೋರ್ಡ್ ಬಾಗಿಲು ತೆಗೆದರೆ ಒಳಗೆ ಕಣಜದ ಗೂಡು, ಕೇಬಲ್ ತುಂಡು, ಮೀಟರ್ ಪರದೆ ಖಾಲಿ. ಕೇಸಿಂಗ್ ಪೈಪಿನ ಮೇಲೆ ಚಪ್ಪಡಿ ಕಲ್ಲು. "ಇದು ಬತ್ತಿ ಬಾಳ ವರ್ಷ ಆತು ಸಾ, ಮೋಟ್ರು ಎತ್ತಿ ಆ ಕಡೆ ಬೋರಿಗೆ ಬಿಟ್ಟಿದೀವಿ" ಅಂದ ನೀರುಗಂಟಿ. ಬಿಲ್ಲಲ್ಲಿ ಮಾತ್ರ ಎಚ್‌ಪಿ ಲೆಕ್ಕದ ನಿಗದಿತ ಶುಲ್ಕ, ಮೇಲೆ ಮೀಟರ್ ಕೆಟ್ಟಿದ್ದಕ್ಕೆ ಅಂದಾಜಿನ ಸರಾಸರಿ ಯೂನಿಟ್ಟು ತಪ್ಪದೆ ಬರ್ತಿದೆ! ಇಂಥವು ಹತ್ತರ ಆಸುಪಾಸು ಸಿಕ್ಕವು. ಒಂದು ಮೀಟರಿನ ವೈರಂತೂ ಸೀದಾ ಒಂದು ಅಡಿಕೆ ತೋಟಕ್ಕೆ ಹೋಗಿತ್ತು. ಯಾರದ್ದು ಅಂತ ಬರೆಯಲ್ಲ, ಊರಲ್ಲಿ ನಾನೂ ಕೆಲಸ ಮಾಡಬೇಕಲ್ಲ.

ಹುಡುಕಿದ್ದು ಸುಲಭ, ರದ್ದು ಮಾಡಿಸಿದ್ದು ಕಷ್ಟ. ಬಾಕಿ, ಬಡ್ಡಿ ಪೂರ್ತಿ ಕಟ್ಟಿದ ಮೇಲೇ ಅರ್ಜಿ ಮುಟ್ಟೋದು ಅಂದರು ಕರೆಂಟ್ ಆಫೀಸಿನವರು. ತಿಂಗಳುಗಟ್ಟಲೆ ಅಲೆದೆ. ಕೊನೆಗೆ ಜಂಟಿ ಪರಿಶೀಲನೆ ಮಾಡಿಸಿ, ಫೋಟೋ ಸಮೇತ ಮಹಜರ್ ಬರೆಸಿ, ಲೈನ್‌ಮನ್ ಸಹಿಯನ್ನೂ ಹಾಕಿಸಿದೆ. ಅದರ ಜೊತೆ ಇನ್ನೊಂದು ಕಾಗದ ಲಗತ್ತಿಸಿದ್ದೆ. ಫೈಲ್ ಓಡಿದ್ದು ಅದರಿಂದಲೇ. ಅದು ಯಾವುದು ಅಂತ ಇಲ್ಲಿ ಹೇಳಿದರೆ ಆ ದಾರಿಯೂ ಮುಚ್ಚಿಹೋಗುತ್ತೆ.

ದೀಪದ ಲೆಕ್ಕ ನಿಮಗೆ ಗೊತ್ತಿದ್ದದ್ದೇ. 20 ವ್ಯಾಟಿನ ಎಲ್‌ಇಡಿ ಹಗಲೂ ಉರಿದರೆ ತಿಂಗಳಿಗೆ 7 ಯೂನಿಟ್ ದಂಡ. ಅದಕ್ಕೇ ಸೆನ್ಸರ್ ಬಿಟ್ಟು, ಹೊತ್ತಿಗೆ ಸರಿಯಾಗಿ ತಾನೇ ದೀಪ ಹತ್ತಿಸಿ ಆರಿಸೋ ಟೈಮರ್ ಹಾಕಿದೆವು. ತಗೊಳ್ಳೋರು ಒಳಗೆ ಬ್ಯಾಟರಿ ಇರೋದನ್ನೇ ತಗೊಳ್ಳಿ. ಇಲ್ಲದಿದ್ದರೆ ಕರೆಂಟ್ ಹೋದಷ್ಟು ಹೊತ್ತು ಗಡಿಯಾರ ನಿಂತು, ವಾರದೊಳಗೆ ದೀಪ ರಾತ್ರಿ ಒಂಬತ್ತಕ್ಕೆ ಹತ್ತುತ್ತೆ. ಕತ್ತಲಾಗೋ ಹೊತ್ತು ಬದಲಾಗುತ್ತಲ್ಲ, ನಾವು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಸಮಯ ತಿದ್ದುತ್ತೇವೆ.

ಟ್ಯಾಂಕ್ ತುಂಬಿ ಹರಿಯೋದಕ್ಕೂ ಒಂದು ಉಪಾಯ ಮಾಡಿದೆ. ಏಳೂವರೆ ಎಚ್‌ಪಿ ಮೋಟಾರು ಗಂಟೆಗೆ ಹತ್ತಿರ ಹತ್ತಿರ 6 ಯೂನಿಟ್ ನುಂಗುತ್ತೆ. ಓವರ್‌ಫ್ಲೋ ಪೈಪಿನ ಕೆಳಗೆ ಹಳೇ ತಗಡಿನ ಶೀಟ್ ಕಟ್ಟಿಸಿದೆ. ನೀರು ಬಿದ್ದರೆ ಬೀದಿಗೆಲ್ಲ ಕೇಳೋ ಹಾಗೆ ಬಡಿಯುತ್ತೆ, ಅಕ್ಕಪಕ್ಕದವರೇ ನೀರುಗಂಟಿಗೆ ಬೈದು ಆಫ್ ಮಾಡಿಸ್ತಾರೆ. ಖರ್ಚು ಕಟ್ಟಿದ ತಂತಿಯದ್ದಷ್ಟೇ!

ಈಗ ಬಿಲ್ 85-90 ಸಾವಿರದಲ್ಲಿದೆ. ಅರ್ಧಕ್ಕಿಂತ ಹೆಚ್ಚು ಉಳಿತಾಯ ಸತ್ತ ಮೀಟರುಗಳದ್ದೇ. ಹಳೇ ಬಾಕಿಯ ಬಡ್ಡಿ ಇನ್ನೂ ತೀರಿಲ್ಲ, ಪತ್ರ ವ್ಯವಹಾರ ನಡೀತಿದೆ. ಎಕ್ಸೆಲ್ ಶೀಟ್ ಬೇಕಾದವರು ಮೊದಲು ನಿಮ್ಮ ಆರ್‌ಆರ್ ಪಟ್ಟಿ ಕಳಿಸಿ. ಮೀಟರ್ ಕೆಟ್ಟಿರೋ ನಂಬರುಗಳಿಗೆ ಕೆಂಪು ಗೆರೆ ಎಳೆದಿರಲಿ.