ಪ್ಯಾಕೆಟ್ ಮಾಲೆಗಳು ಬಾಗಿಲಿನಿಂದ ಹಿಂಗೋಡೆಗೆ ಹೋದ ಮೂರು ವರ್ಷ: ನನ್ನ ಅನುಭವ

ನಮ್ಮದು ಹಾಸನ–ಬೇಲೂರು ರಸ್ತೆಯಲ್ಲಿ ಹಗರೆಯಿಂದ ಸ್ವಲ್ಪ ಒಳಗಿರುವ ಊರು. ತಂದೆಯವರ ಕಾಲದಿಂದ ನಡೆದುಬಂದ ದಿನಸಿ ಅಂಗಡಿ, ಎದುರಿಗೆ ಬಸ್ ನಿಲ್ದಾಣ, ಒಂದು ಕೂಗಳತೆಯಲ್ಲಿ ಶಾಲೆ. 2022ರ ಜೂನ್ ತಿಂಗಳಲ್ಲಿ, ಬಾಗಿಲಿಗೆ ತೋರಣದಂತೆ ತೂಗುತ್ತಿದ್ದ ಐದು ರೂಪಾಯಿಯ ಚಿಪ್ಸ್, ಕುರುಕಲು ತಿಂಡಿಗಳ ಪ್ಯಾಕೆಟ್ ಮಾಲೆಗಳನ್ನು ಇಳಿಸಲು ನಾನು ಹೊರಟಾಗ, ಹಾಸನದ ಸಗಟು ವ್ಯಾಪಾರಿಯಿಂದ ಹಿಡಿದು ನನ್ನ ಭಾವನವರೆಗೆ ಎಲ್ಲರೂ ಅಂಗಡಿ ಆರು ತಿಂಗಳಿಗೆ ಮುಚ್ಚುತ್ತದೆ ಎಂದೇ ಹೇಳಿದ್ದರು. ಅಂಗಡಿ ಮುಚ್ಚಲಿಲ್ಲ, ವ್ಯಾಪಾರ ಮೊದಲಿಗಿಂತ ಹೆಚ್ಚಾಗಿದೆ. ಆದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಷ್ಟು ಹಣ ಕೈಬಿಟ್ಟಿತು, ಎಲ್ಲೆಲ್ಲಿ ಎಡವಿದೆ ಎಂಬುದನ್ನು ನಮ್ಮ ಕಸುಬಿನವರಿಗಾಗಿ ಬರೆಯುತ್ತಿದ್ದೇನೆ. ಅಂಕಿಗಳೆಲ್ಲ ನೆನಪಿನಿಂದ ಬಂದವು, ಹತ್ತಿಪ್ಪತ್ತು ಆಚೀಚೆ ಇರಬಹುದು.

ಇದಕ್ಕೆ ಕಾರಣವಾದದ್ದು ನನ್ನ ಸಾಲದ ಪುಸ್ತಕ. ತೋಟದ ಕೂಲಿಗೆ ಹೋಗುವ ಒಬ್ಬ ತಾಯಿಯ ತಿಂಗಳ ಲೆಕ್ಕ ಕೂಡಿಸುವಾಗ, ಒಟ್ಟು 1,900 ರೂಪಾಯಿ ಚಿಲ್ಲರೆಯಲ್ಲಿ 640 ರೂಪಾಯಿ ಮಕ್ಕಳಿಬ್ಬರು ಒಯ್ದ ಪ್ಯಾಕೆಟ್ಟುಗಳದ್ದೇ ಆಗಿತ್ತು. ಆಕೆ ಕೊಂಡ ಬೇಳೆಯ ಬಾಬ್ತು ಅದರ ಅರ್ಧವೂ ಇರಲಿಲ್ಲ. ಆಕೆ ಒಂದು ಮಾತನ್ನೂ ಆಡದೆ ಹಣ ಎಣಿಸಿ ಕೊಟ್ಟಳು, ನಾನು ತೆಗೆದುಕೊಂಡೆ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಕ್ಕಳಿಗೆ ನಾಲಿಗೆ ಚಪಲ ಎಂದು ನಾವು ಹೇಳಿಬಿಡುತ್ತೇವೆ. ಆದರೆ ಮೂರಡಿ ಎತ್ತರದ ಮಗುವಿನ ಕಣ್ಣಿಗೆ ಸರಿಯಾಗಿ ಮಾಲೆ ಕಟ್ಟಿದವನು ನಾನು, ಎಣ್ಣೆ ತರಲು ಬಂದ ಮಗುವಿಗೆ ಉಳಿದ ಐದು ರೂಪಾಯಿಯನ್ನು ಆ ಮಾಲೆಯ ಪಕ್ಕದಲ್ಲೇ ಎಣಿಸಿ ಕೊಟ್ಟವನೂ ನಾನು. ಊರಿನಲ್ಲಿ ಐದು ರೂಪಾಯಿಗೆ ತಕ್ಷಣ ಬಾಯಿಗೆ ಹಾಕಿಕೊಳ್ಳಬಹುದಾದ ಬೇರೆ ಪದಾರ್ಥವೇ ಇಲ್ಲದಿದ್ದಾಗ ಮಗು ಇನ್ನೇನನ್ನು ಆರಿಸೀತು?

ಮೊದಲನೆಯ ತಪ್ಪನ್ನು ಮಾರನೆಯ ದಿನವೇ ಮಾಡಿದೆ. ಮಾಲೆಗಳನ್ನೆಲ್ಲ ಒಂದೇ ಸಲ ಇಳಿಸಿ, ಇನ್ನು ಮಾರುವುದಿಲ್ಲ ಎಂದುಬಿಟ್ಟೆ. ಮಕ್ಕಳು ಶಾಲೆಯ ಗೇಟಿನ ಬಳಿಯ ಅಂಗಡಿಗೆ ತಿರುಗಿಕೊಂಡರು. ಪ್ಯಾಕೆಟ್ಟಿನ ವ್ಯಾಪಾರವಷ್ಟೇ ಹೋಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಆದರೆ ಮನೆಯ ಸಕ್ಕರೆ, ಎಣ್ಣೆ, ಸೋಪು ತರಲು ಬರುವವರೂ ಆ ಮಕ್ಕಳೇ ಎಂಬುದು ನನಗೆ ಹೊಳೆದಿರಲಿಲ್ಲ. ದಿನಕ್ಕೆ 5,000 ರೂಪಾಯಿ ಇದ್ದ ವ್ಯಾಪಾರ ಒಂದೂವರೆ ತಿಂಗಳಲ್ಲಿ 3,600ಕ್ಕೆ ಇಳಿಯಿತು. ಆ ಅವಧಿಯಲ್ಲಿ ಹನ್ನೆರಡು ಹದಿಮೂರು ಸಾವಿರ ರೂಪಾಯಿ ಲಾಭ ಕೈತಪ್ಪಿತು ಎಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ, ಅವಳ ಲೆಕ್ಕವೇ ಸರಿ.

ಎರಡನೆಯ ತಪ್ಪು ಸೇಬು. ಆರೋಗ್ಯಕ್ಕೆ ಹಣ್ಣು ಒಳ್ಳೆಯದೆಂದು ಹಾಸನದಿಂದ ಒಂದು ಪೆಟ್ಟಿಗೆ ತಂದು ಎದುರಿಗೆ ಜೋಡಿಸಿದೆ. ಒಂದಕ್ಕೆ ಇಪ್ಪತ್ತೈದು ರೂಪಾಯಿ ಬೀಳುವ ಹಣ್ಣನ್ನು ನಮ್ಮೂರಿನಲ್ಲಿ ಆಸ್ಪತ್ರೆಗೆ ಹೋಗುವವರು ಮಾತ್ರ ಕೊಳ್ಳುತ್ತಾರೆ ಎಂಬುದು ಪೆಟ್ಟಿಗೆಯ ಅರ್ಧ ಕೊಳೆತ ಮೇಲೆ ತಿಳಿಯಿತು. ಮೊಳಕೆ ಕಾಳನ್ನು ಲೋಟದಲ್ಲಿ ತುಂಬಿ ಇಟ್ಟದ್ದು ಮಧ್ಯಾಹ್ನದ ಹೊತ್ತಿಗೆ ಹುಳಿ ವಾಸನೆ ಬಂದು ನಾಲ್ಕೇ ದಿನಕ್ಕೆ ಮುಗಿಯಿತು. ಗೋಡೆಗೆ ಭಿತ್ತಿಪತ್ರ ಬರೆದು ಅಂಟಿಸಿದ್ದನ್ನು ಯಾರೂ ಓದಲಿಲ್ಲ, ಓದಿದ ಒಬ್ಬ ಹಿರಿಯರು ಬೀಡಿ ಹಚ್ಚಿಕೊಳ್ಳುತ್ತಾ ಚೆನ್ನಾಗಿದೆ ಎಂದರು.

ದಾರಿ ಸಿಕ್ಕಿದ್ದು ಮೂರನೆಯ ತಿಂಗಳಲ್ಲಿ. ಮಾಲೆಗಳನ್ನು ಮತ್ತೆ ತಂದೆ, ಆದರೆ ಬಾಗಿಲಿಗೆ ಕಟ್ಟದೆ ನನ್ನ ಬೆನ್ನ ಹಿಂದಿನ ಗೋಡೆಯ ಮೇಲ್ಸಾಲಿನಲ್ಲಿ, ಬೆಂಕಿಪೊಟ್ಟಣ ಮತ್ತು ಊದುಬತ್ತಿಯ ಪಕ್ಕದಲ್ಲಿ ಇಟ್ಟೆ. ಕೇಳಿದವರಿಗೆ ಇಲ್ಲವೆನ್ನದೆ ಕೊಡುತ್ತೇನೆ, ಆದರೆ ಬಾಯಿಬಿಟ್ಟು ಕೇಳಬೇಕು. ಬಾಗಿಲಿನ ಜಾಗದಲ್ಲಿ ಮೂರು ಗಾಜಿನ ಜಾಡಿ, ಒಂದು ಬಾಳೆಗೊನೆ, ಕೈಗೆಟುಕುವ ಎತ್ತರದಲ್ಲಿ. ಕೇಳಿ ಪಡೆಯುವುದಕ್ಕೂ ಕೈಯಿಂದ ಎಳೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಇಷ್ಟು ದೊಡ್ಡದೆಂದು ನಾನು ನಂಬಿರಲಿಲ್ಲ: ಬೇರೇನೂ ಮಾಡದೆ, ಬರೀ ಜಾಗ ಬದಲಿಸಿದ್ದಕ್ಕೆ ದಿನಕ್ಕೆ ನೂರೈವತ್ತರಷ್ಟು ಹೋಗುತ್ತಿದ್ದ ಪ್ಯಾಕೆಟ್ಟು ತೊಂಬತ್ತಕ್ಕೆ ಬಂದು ನಿಂತಿತು, ಮಕ್ಕಳೂ ಬೇರೆ ಅಂಗಡಿಗೆ ಹೋಗಲಿಲ್ಲ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್‌ನಿಂದ ದೊಡ್ಡ ಅಂಗಡಿಗಳವರು ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳನ್ನು ಬಾಗಿಲಿನ ಬಳಿ, ಹಣ ಕಟ್ಟುವ ಜಾಗದಲ್ಲಿ ಮತ್ತು ಸಾಲುಗಳ ತುದಿಯಲ್ಲಿ ಇಡಬಾರದೆಂದು ಕಾನೂನನ್ನೇ ಮಾಡಿದ್ದಾರೆಂದು ನನ್ನ ತಂಗಿಯ ಮಗ ಆಮೇಲೆ ಓದಿ ಹೇಳಿದ. ಅದೇ ಉಪಾಯ ಯಾರೂ ಹೇಳಿಕೊಡದೆ ನನ್ನ ಅಂಗಡಿಗೂ ಹೊಳೆದಿತ್ತು ಎಂಬ ಹೆಮ್ಮೆ ನನಗಿದೆ.

ನಮ್ಮ ದೇಶದಲ್ಲಿಯೂ ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಇಂಥ ತಿನಿಸುಗಳನ್ನು ಮಕ್ಕಳಿಗೆ ಮಾರುವಂತಿಲ್ಲ. ಹಗ್ಗ ಹಿಡಿದು ಅಳೆದು ನೋಡಿದೆ, ನನ್ನ ಅಂಗಡಿ ಎಪ್ಪತ್ತು ಮೀಟರ್ ದೂರದಲ್ಲಿದೆ. ನಿಯಮ ನನ್ನನ್ನು ಮುಟ್ಟುವುದಿಲ್ಲ, ಆದರೆ ಮಗುವಿಗೆ ಆ ಇಪ್ಪತ್ತು ಮೀಟರ್ ಓಡಲು ಎಷ್ಟು ಹೊತ್ತು ಬೇಕು?

ಜಾಡಿಯಲ್ಲಿ ಏನಿಡಬೇಕು ಎಂಬುದು ಹಣದ ಪ್ರಶ್ನೆ. ಕಂಪನಿಯ ಐದು ರೂಪಾಯಿ ಪ್ಯಾಕೆಟ್ಟು ನಮಗೆ ಐವತ್ತು ಅರವತ್ತು ಪೈಸೆ ಬಿಡುತ್ತದೆ, ಅಕ್ಕಪಕ್ಕದಲ್ಲಿ ತಯಾರಾಗುವ ಬ್ರಾಂಡುಗಳು ಅಂಗಡಿಯವರಿಗೆ ಕೊಡುವ ರಿಯಾಯಿತಿಯ ಸ್ಕೀಮ್ ಸೇರಿ ಒಂದೂಕಾಲು ರೂಪಾಯಿವರೆಗೆ ಬಿಡುತ್ತವೆ. ನಾವು ಅದಕ್ಕೆ ಅಂಟಿಕೊಂಡಿರುವುದು ಲಾಭಕ್ಕಿಂತ ಹೆಚ್ಚಾಗಿ ನಿಶ್ಚಿಂತೆಗೆ: ಕೊಳೆಯುವುದಿಲ್ಲ, ಅವಧಿ ಮುಗಿದರೆ ಅಂಗಡಿಗಳಿಗೆ ಸರಕು ಹಾಕುತ್ತಾ ಬರುವ ಲೈನಿನ ಹುಡುಗ ವಾಪಸು ಒಯ್ಯುತ್ತಾನೆ, ಒಂದು ವಾರ ಸಾಲವೂ ಸಿಗುತ್ತದೆ. ಬಾಳೆಹಣ್ಣಿಗೆ ಈ ಮೂರರಲ್ಲಿ ಒಂದೂ ಇಲ್ಲ. ನಾಲ್ಕು ರೂಪಾಯಿಗೆ ಬಿದ್ದ ಹಣ್ಣನ್ನು ಐದಕ್ಕೆ ಮಾರುವಾಗ ಹತ್ತರಲ್ಲಿ ಎರಡು ಕೊಳೆತರೆ ಲಾಭವೆಲ್ಲ ಹೋಯಿತು. ನನಗೆ ಮೊದಲ ತಿಂಗಳು ಮೂರರಲ್ಲಿ ಒಂದು ದನಕ್ಕೆ ಹೋಯಿತು. ಈಗ ದೋರೆಗಾಯಿಯ ಚಿಪ್ಪುಗಳನ್ನೇ ವಾರಕ್ಕೆ ಮೂರು ಸಲ ತರುತ್ತೇನೆ, ತೂಕಕ್ಕೆ ಮಾರದೆ ಬಿಡಿಬಿಡಿಯಾಗಿ ಮಾರುತ್ತೇನೆ, ಏಲಕ್ಕಿ ಬಾಳೆಯನ್ನು ಎದುರಿಗೂ ಪಚ್ಚಬಾಳೆಯನ್ನು ಒಳಗೂ ಇಡುತ್ತೇನೆ. ಇಪ್ಪತ್ತರಲ್ಲಿ ಒಂದು ಕೆಟ್ಟರೆ ಹೆಚ್ಚು. ಯಾವ ತೋಟದಿಂದ ತರುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ, ಆ ರೈತರ ಬಳಿ ಇರುವುದು ನನ್ನೊಬ್ಬನಿಗೆ ಸಾಕಾಗುವಷ್ಟು.

ನಿಜವಾಗಿ ಅಂಗಡಿಯನ್ನು ಉಳಿಸಿದ್ದು ಹುರಿಗಡಲೆ, ಪುಡಿ ಬೆಲ್ಲ ಮತ್ತು ಅರಸೀಕೆರೆ ಕೊಬ್ಬರಿಯ ಚೂರು ಸೇರಿದ ಪೊಟ್ಟಣ. ಇದರಲ್ಲಿ ಹೊಸತೇನೂ ಇಲ್ಲ, ನಮ್ಮಜ್ಜಿ ಸೆರಗಿನಲ್ಲಿ ಕಟ್ಟಿಕೊಡುತ್ತಿದ್ದದ್ದು ಇದೇ. ಆದರೆ ಹುರಿಗಡಲೆ ಒಂದು ಡಬ್ಬಿಯಲ್ಲಿ, ಬೆಲ್ಲ ಇನ್ನೊಂದು ಮೂಟೆಯಲ್ಲಿ ಇರುವವರೆಗೆ ಅದು ಅಡುಗೆಮನೆಯ ಸಾಮಾನಾಗಿತ್ತು. ಐದು ರೂಪಾಯಿಯ ಪೊಟ್ಟಣವಾದ ದಿನ ಅದು ತಿಂಡಿಯಾಯಿತು. ಪದಾರ್ಥ ಮತ್ತು ಕಾಗದ ಸೇರಿ ಒಂದಕ್ಕೆ ಮೂರು ರೂಪಾಯಿ ಹತ್ತು ಪೈಸೆ ಬೀಳುತ್ತದೆ, ಅಂದರೆ ಕಂಪನಿಯ ಪ್ಯಾಕೆಟ್ಟಿನ ಮೂರು ಪಟ್ಟು ಲಾಭ. ಹಳೆಯ ವೃತ್ತಪತ್ರಿಕೆಯ ಶಾಯಿ ಆಹಾರಕ್ಕೆ ಹತ್ತುವುದರಿಂದ ಬಿಳಿ ಕಾಗದವನ್ನೇ ಬಳಸಬೇಕು, ಅಲ್ಲಿ ಹತ್ತು ಪೈಸೆ ಉಳಿಸಲು ಹೋಗಬಾರದು. ಇನ್ನೂರು ಪೊಟ್ಟಣ ಕಟ್ಟಲು ನಮ್ಮಿಬ್ಬರಿಗೆ ರಾತ್ರಿ ಒಂದೂವರೆ ಗಂಟೆ ಹಿಡಿಯುತ್ತದೆ, ಆ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಲಾಭ ಎಂದು ಹೇಳಿಕೊಳ್ಳುವುದು ಸರಿಯಲ್ಲ. ಮಳೆಗಾಲದಲ್ಲಿ ಬೆಲ್ಲ ಬೆವರಿ ಪೊಟ್ಟಣ ಒದ್ದೆಯಾಗುತ್ತಿತ್ತು, ಮೊದಲ ವರ್ಷ ಆಗಸ್ಟ್ ತಿಂಗಳೊಂದರಲ್ಲೇ ನಾನೂರು ಪೊಟ್ಟಣ ಎಸೆದೆ. ಈಗ ಹಾಗಾಗುವುದಿಲ್ಲ. ಬೆಲ್ಲಕ್ಕೆ ಮೊದಲು ಏನು ಮಾಡುತ್ತೇವೆ, ಮೂರರ ಅಳತೆ ಎಷ್ಟು ಎಂಬುದು ನನ್ನ ಹೆಂಡತಿಯ ಗುಟ್ಟು, ಅದನ್ನು ಬಿಟ್ಟುಕೊಡಲು ಅವಳು ಒಪ್ಪಿಲ್ಲ.

ಬೇಯಿಸಿದ ಕಡಲೆಕಾಯಿ, ಗೆಣಸು ಮತ್ತು ಮುಸುಕಿನ ಜೋಳವನ್ನು ಸಂಜೆ ಐದೂವರೆಗೆ ಸರಿಯಾಗಿ ಹೊರಗಿಡುತ್ತೇನೆ. ಗಳಿಗೆ ಮುಖ್ಯ. ಕೂಲಿ ಮುಗಿಸಿ ಬರುವ ಹೆಂಗಸರು ಮನೆಗೆ ಹೋಗಿ, ನೀರು ತಂದು, ಒಲೆ ಹಚ್ಚಿ, ಮುದ್ದೆ ಬೇಯಿಸುವ ಹೊತ್ತಿಗೆ ಏಳೂವರೆ ಎಂಟಾಗುತ್ತದೆ. ಅಲ್ಲಿಯವರೆಗೆ ಮಕ್ಕಳ ಹಸಿವನ್ನು ತಡೆಯಲು ಆ ತಾಯಂದಿರು ಪ್ಯಾಕೆಟ್ಟು ಕೊಳ್ಳುತ್ತಾರೆಯೇ ಹೊರತು ಅವರಿಗೆ ತಿಳಿವಳಿಕೆ ಇಲ್ಲವೆಂದಲ್ಲ. ಹತ್ತು ಹನ್ನೆರಡು ಗ್ರಾಂ ತೂಗುವ ಚಿಪ್ಸ್ ಪ್ಯಾಕೆಟ್ಟಿಗೆ ಐದು ರೂಪಾಯಿ ಎಂದರೆ ಕಿಲೋಗೆ ನಾನೂರು ರೂಪಾಯಿ ದಾಟುತ್ತದೆ. ಆಲೂಗೆಡ್ಡೆ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಅದನ್ನು ಬಿತ್ತಿ ಅಗೆಯುವ ಕೈಗಳೇ ಈ ಬೆಲೆ ತೆರುವುದನ್ನು ನೋಡಿದರೆ ಸಂಕಟವಾಗುತ್ತದೆ. ಕೈಯಲ್ಲಿ ಹಿಡಿದರೆ ಬಿಸಿ ಹತ್ತುವ ಒಂದು ಗೆಣಸಿನ ತುಂಡು ಅದೇ ಐದು ರೂಪಾಯಿಗೆ ಸಿಕ್ಕಾಗ ಅವರು ಅದನ್ನೇ ಒಯ್ದರು.

ತಂಪು ಪಾನೀಯದ ವಿಷಯದಲ್ಲಿ ಹೆಚ್ಚು ಹಣ ಕಳೆದೆ. ಒಂದು ಕಂಪನಿ ಉಚಿತವಾಗಿ ಕೊಟ್ಟಿದ್ದ ಫ್ರಿಜ್ಜಿನಲ್ಲಿ ಅವರ ಬಾಟಲಿಗಳನ್ನು ಬಿಟ್ಟು ಬೇರೇನನ್ನೂ ಇಡಬಾರದೆಂಬುದು ಷರತ್ತು. ನಾನು ಕೆಳಗಿನ ಎರಡು ತಟ್ಟೆಗಳಲ್ಲಿ ನಂದಿನಿ ಮಜ್ಜಿಗೆ ಮತ್ತು ಮೊಸರನ್ನು ಇಟ್ಟದ್ದಕ್ಕೆ ಎರಡು ಸಲ ಎಚ್ಚರಿಸಿ, ಮೂರನೆಯ ಸಲ ಫ್ರಿಜ್ಜನ್ನೇ ಒಯ್ದರು. ಹಾಸನದಲ್ಲಿ 9,500 ರೂಪಾಯಿ ಕೊಟ್ಟು ಹಳೆಯ ಫ್ರಿಜ್ ತಂದೆ, ಅದರ ಕಂಪ್ರೆಸರ್ ಎರಡೇ ತಿಂಗಳಿಗೆ ಕೆಟ್ಟು ಮತ್ತೆ 3,800 ಹಿಡಿಯಿತು. ಆದರೂ ಆ ಫ್ರಿಜ್ ನನ್ನದು, ಅದರ ಎದುರು ಸಾಲಿನಲ್ಲಿ ಏನಿರಬೇಕೆಂಬುದನ್ನು ನಾನು ತೀರ್ಮಾನಿಸುತ್ತೇನೆ. ಕೋಲಾದ ಲೇಬಲ್ ಓದಿದರೆ 100 ಮಿಲಿಲೀಟರಿಗೆ ಹತ್ತು ಹನ್ನೊಂದು ಗ್ರಾಂ ಸಕ್ಕರೆ ಇರುತ್ತದೆ, ಅಂದರೆ 250 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಐದು ಚಮಚಕ್ಕಿಂತ ಹೆಚ್ಚು. ಇದನ್ನು ಬಾಯಲ್ಲಿ ಹೇಳಿದಾಗ ಯಾರೂ ಕಿವಿಗೊಡಲಿಲ್ಲ, ತಕ್ಕಡಿಯಲ್ಲಿ ಅಷ್ಟೇ ಸಕ್ಕರೆ ತೂಗಿ ಬಾಟಲಿಯ ಪಕ್ಕದಲ್ಲಿ ಗಾಜಿನ ಲೋಟದಲ್ಲಿ ಇಟ್ಟ ಮೇಲೆ ಹೈಸ್ಕೂಲಿನ ಹುಡುಗರು ನಿಂತು ನೋಡಿದರು. ಬೇಸಿಗೆಯಲ್ಲಿ ಈಗಲೂ ಬಾಟಲಿ ಹೋಗುತ್ತದೆ, ವಾರಕ್ಕೆ ಎರಡು ಕ್ರೇಟ್ ಇದ್ದದ್ದು ಮುಕ್ಕಾಲು ಕ್ರೇಟಿಗೆ ಬಂದಿದೆ. ಮದುವೆಯ ಕಾಲದಲ್ಲಿ ನನ್ನ ಯಾವ ಉಪಾಯವೂ ನಡೆಯುವುದಿಲ್ಲ.

ನಡುವೆ ಮಾಡಿದ ಒಂದೆರಡು ಪ್ರಯೋಗಗಳನ್ನೂ ಹೇಳಬೇಕು. ಒಂದೆರಡು ರೂಪಾಯಿ ಚಿಲ್ಲರೆಗೆ ಚಾಕೊಲೇಟ್ ಕೊಡುವುದು ನಮ್ಮೆಲ್ಲರ ಅಭ್ಯಾಸ. ಲೆಕ್ಕ ಹಾಕಿದರೆ ನಾನೊಬ್ಬನೇ ದಿನಕ್ಕೆ ನಲವತ್ತು ಚಾಕೊಲೇಟನ್ನು ಯಾರೂ ಕೇಳದೆಯೇ ಊರಿಗೆ ತಿನ್ನಿಸುತ್ತಿದ್ದೆ. ಬ್ಯಾಂಕಿನಿಂದ ನಾಣ್ಯದ ಚೀಲ ತಂದು ಅದನ್ನು ನಿಲ್ಲಿಸಿದೆ. ನಾಣ್ಯ ಮುಗಿದ ದಿನ ನೆಲ್ಲಿಕಾಯಿ ಕೊಡುತ್ತೇನೆ, ದೊಡ್ಡವರು ಮುಖ ಸಿಂಡರಿಸುತ್ತಾರೆ, ಮಕ್ಕಳು ಉಪ್ಪು ಕೇಳಿ ಪಡೆಯುತ್ತಾರೆ. ಮತ್ತೊಂದು, ರಾಗಿ ಬಿಸ್ಕತ್ತು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ಇರುವುದೇ ನಮ್ಮ ಹಾಸನದ ಕಡೆ, ಆದ್ದರಿಂದ ಬೇಕರಿ ತಿನಿಸಿನ ರುಚಿ ಇಲ್ಲಿ ಎಲ್ಲರ ನಾಲಿಗೆಗೂ ಹತ್ತಿದೆ. ಅದಕ್ಕೆ ಬದಲಾಗಿ ಒಂದು ಸಣ್ಣ ಘಟಕದಿಂದ ರಾಗಿ ಬಿಸ್ಕತ್ತು ತರಿಸಿದೆ, ಚೆನ್ನಾಗಿಯೇ ಮಾರಾಟವಾಯಿತು. ನಾಲ್ಕು ತಿಂಗಳಾದ ಮೇಲೆ ಪ್ಯಾಕೆಟ್ಟಿನ ಹಿಂಬದಿ ಓದಿದೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ, ಅದರಲ್ಲಿ ಮೈದಾ, ಸಕ್ಕರೆ, ವನಸ್ಪತಿ ಆದ ಮೇಲೆ ನಾಲ್ಕನೆಯದಾಗಿ ರಾಗಿ ಇತ್ತು. ಲಾಭ ಒಳ್ಳೆಯದಿದ್ದರೂ ಅಂದೇ ನಿಲ್ಲಿಸಿದೆ. ನಾಲ್ಕು ತಿಂಗಳು ಓದದೆ ಮಾರಿದ ನೋವು ಇನ್ನೂ ಇದೆ.

ಸೊಪ್ಪಿನ ಕಥೆ ಬೇರೆ. ನಮ್ಮೂರಿನಲ್ಲಿ ಬೆಳೆದ ಸೊಪ್ಪು ಬೆಳಗಿನ ಮೊದಲ ಬಸ್ಸಿನಲ್ಲಿ ಹಾಸನಕ್ಕೆ ಹೋಗುತ್ತದೆ, ಊರಿನವರು ಸಂತೆಯ ದಿನ ಬಿಟ್ಟರೆ ಸೊಪ್ಪಿಲ್ಲದೆ ಬರೀ ಹುಳಿಪುಡಿಯ ಸಾರಿನಲ್ಲಿ ಉಣ್ಣುತ್ತಾರೆ. ಮೂವರು ಬೆಳೆಗಾರರಿಂದ ಬಸ್ಸು ಬರುವ ಮೊದಲೇ ನಲವತ್ತು ಕಟ್ಟು ತೆಗೆದುಕೊಂಡೆ, ಅರ್ಧ ಬಾಡಿತು. ಹಿಂದಿನ ಸಂಜೆಯೇ ಹೆಸರು ಬರೆಸಿದವರಿಗೆ ಮಾತ್ರ ಎಂದು ಬದಲಿಸಿದ ಮೇಲೆ ದಿನಕ್ಕೆ ಇಪ್ಪತ್ತೈದು ಕಟ್ಟು ಹೋಗುತ್ತದೆ. ಲಾಭ ಕಟ್ಟಿಗೆ ಒಂದು ರೂಪಾಯಿ, ಹೆಚ್ಚಿಲ್ಲ, ಆದರೆ ಸೊಪ್ಪಿಗೆ ಬಂದವರು ಬೇಳೆಯನ್ನೂ ಒಯ್ಯುತ್ತಾರೆ.

2025ರ ಜೂನ್ ಹೊತ್ತಿಗೆ ದಿನದ ವ್ಯಾಪಾರ 5,700ರ ಆಸುಪಾಸಿನಲ್ಲಿತ್ತು. ಪ್ಯಾಕೆಟ್ಟು ಐವತ್ತೈದು ಅರವತ್ತು, ಪೊಟ್ಟಣ ನೂರಹದಿನೈದು, ಬಾಳೆಹಣ್ಣು ಎಪ್ಪತ್ತು. ಆ ತಾಯಿಯ ಪುಟದಲ್ಲಿ ಈಗ ಮಕ್ಕಳ ಬಾಬ್ತು 250 ದಾಟುವುದಿಲ್ಲ. ಅಂಗಡಿ ಮುಚ್ಚುತ್ತದೆ ಎಂದಿದ್ದ ಭಾವ ಕಳೆದ ದೀಪಾವಳಿಗೆ ಬಂದು, ಜಾವಗಲ್ಲಿನ ತನ್ನ ಅಂಗಡಿಗೂ ಜಾಡಿಗಳನ್ನು ಎಲ್ಲಿ ಕೊಂಡೆ ಎಂದು ಕೇಳಿ ಹೋದ. ಶಾಲೆಯ ಗೇಟಿನ ಬಳಿಯ ಅಂಗಡಿಯವರು ನಾಲ್ಕು ರೂಪಾಯಿಯಂತೆ ದಿನಕ್ಕೆ ಅರವತ್ತು ಪೊಟ್ಟಣ ನನ್ನಿಂದಲೇ ಒಯ್ಯುತ್ತಿದ್ದಾರೆ. ಅದಕ್ಕಾಗಿ ರಾತ್ರಿಯ ಕೆಲಸಕ್ಕೆ ಪಕ್ಕದ ಮನೆಯ ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡಿದ್ದೇವೆ, ನೂರು ಪೊಟ್ಟಣಕ್ಕೆ ನಲವತ್ತು ರೂಪಾಯಿ ಕೊಡುತ್ತೇವೆ.