ಕಾನ್ಫಿಗ್ ಕೆಟ್ಟಿದ್ದರೂ ಬಾಯಿ ಬಿಡದ ನನ್ನ ಲೈಬ್ರರಿ

ಬೇರೆಯವರ ಪ್ರೋಗ್ರಾಂಗಳು ಬಳಸಿಕೊಳ್ಳುವ ನನ್ನ ಲೈಬ್ರರಿಯಲ್ಲಿ ಆ ನಾಲ್ಕು ಸಾಲು ಕೋಡ್ ಬರೆದವನು ನಾನೇ. ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್ ಓದು, ಏನೇ ಎಡವಟ್ಟಾದರೂ ಖಾಲಿ ಡಿಕ್ಷನರಿ, ಅಂದರೆ ಒಂದೂ ಸೆಟ್ಟಿಂಗ್ ಇಲ್ಲದ ಪಟ್ಟಿ, ಕೊಟ್ಟು ಮುಂದೆ ಹೋಗು. ಪೈಥಾನ್‌ನಲ್ಲಿ ‘ಎಕ್ಸೆಪ್ಟ್ ಎಕ್ಸೆಪ್ಷನ್’ ಅಂತ, ಎಂಥ ಎರರ್ (ಎಕ್ಸೆಪ್ಷನ್) ಬಂದರೂ ಹಿಡಿಯುವ ಒಂದೇ ಬಲೆ ಬೀಸಿ, ಬಳಸುವವರಿಗೆ ಉಪಕಾರ ಮಾಡಿದೆ ಅಂದುಕೊಂಡಿದ್ದೆ.

ಒಬ್ಬರು ತಮ್ಮ ಕಾನ್ಫಿಗ್ ಅನ್ನು ಜೇಸನ್ ಎಂಬ ಪಠ್ಯರೂಪದಲ್ಲಿ ಬರೆದಿದ್ದರು, ಆ ಫೈಲಿನ ಕೊನೆಯ ಸೆಟ್ಟಿಂಗ್ ಅಳಿಸಿದರು. ಅದರ ಮೇಲಿನ ಸಾಲಿನ ಕಾಮಾ ಹಾಗೇ ಉಳಿಯಿತು. ಜೇಸನ್‌ನಲ್ಲಿ ಆ ಕಾಮಾ ತಪ್ಪು. ಫೈಲನ್ನು ಓದಿ ಅರ್ಥ ಬಿಡಿಸುವ ಪಾರ್ಸರ್ ಕೂಗಿಕೊಂಡಿತು, ನನ್ನ ಕೋಡ್ ಅದರ ಬಾಯಿ ಮುಚ್ಚಿಸಿತು. ಟೈಮ್‌ಔಟ್ (ಉತ್ತರಕ್ಕೆ ಕಾಯುವ ಅವಧಿ), ಲಾಗ್ ಫೋಲ್ಡರ್ ಎಲ್ಲವೂ ಸದ್ದಿಲ್ಲದೆ ಡೀಫಾಲ್ಟ್‌ಗೆ, ಅಂದರೆ ಮೊದಲೇ ಇಟ್ಟ ಬೆಲೆಗಳಿಗೆ, ಇಳಿದವು. ಪಾಪ, ಅವರು ಇಡೀ ದಿನ ನೆಟ್‌ವರ್ಕ್ ತಡಕಾಡಿದ್ದರು.

ಮೊದಲು ಆ ಬಲೆಯನ್ನು ಕಿತ್ತು ಹಾಕಿದೆ. ಫೈಲ್ ಇಲ್ಲದಿರುವುದು ಬೇರೆ, ಇದ್ದೂ ಕೆಟ್ಟಿರುವುದು ಬೇರೆ. ಡೀಫಾಲ್ಟ್ ಜಾಗದಲ್ಲಿ ಫೈಲ್ ಇಲ್ಲವೇ? ತೊಂದರೆಯಿಲ್ಲ. ಬಳಸುವವರೇ ಪಾತ್ (ಫೈಲಿರುವ ಜಾಗದ ವಿಳಾಸ) ಕೊಟ್ಟು, ಅಲ್ಲಿ ಇಲ್ಲದಿದ್ದರೆ ಎರರ್. ಓದಲು ಅನುಮತಿ ಇಲ್ಲದಿದ್ದರೂ ಎರರ್. ಎಲ್ಲಕ್ಕೂ ನನ್ನದೇ ಒಂದು ‘ಕಾನ್ಫಿಗ್‌ಎರರ್’ ಮಾಡಿ, ‘ರೈಸ್ ... ಫ್ರಮ್’ ಬಳಸಿ ಮೂಲ ಎಕ್ಸೆಪ್ಷನ್ನನ್ನೂ ಅದರ ಬೆನ್ನಿಗೆ ಕಟ್ಟಿದೆ. ಲೈಬ್ರರಿ ತಾನಾಗಿ ಪ್ರೋಗ್ರಾಂ ನಿಲ್ಲಿಸುವುದಿಲ್ಲ. ಅದು ಅಪ್ಲಿಕೇಶನ್‌ಗೆ ಬಿಟ್ಟದ್ದು.

ಮೆಸೇಜಿನ ವಿಷಯಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಬರೀ ಫೈಲಿನ ಹೆಸರು ಹಾಕಿದ್ದೆ. ಸರ್ವೀಸ್ ಬೇರೆ ಡೈರೆಕ್ಟರಿಯಿಂದ ಶುರುವಾದರೆ ಅದು ಓದುತ್ತಿರುವುದು ಯಾವ ಫೈಲ್ ಅಂತ ಯಾರಿಗೆ ಗೊತ್ತು? ಪೂರ್ತಿ ಪಾತ್ ಸೇರಿಸಿದೆ. ಸಾಲಿನ ಸಂಖ್ಯೆಯೂ ಬಂತು. ಆದರೆ ಪೈಥಾನ್ 3.13ಕ್ಕಿಂತ ಹಿಂದಿನ ಪಾರ್ಸರ್ ಉಳಿದುಹೋದ ಕಾಮಾ ತೋರಿಸದೆ, ಅದರಾಚೆಯ ಮುಚ್ಚುವ ಬ್ರಾಕೆಟ್ಟನ್ನು ಬೆರಳು ಮಾಡುತ್ತದೆ. ಕಾಮಾ 14ನೇ ಸಾಲಿನಲ್ಲಿ, ದೂರು 15ನೇ ಸಾಲಿನ ಮೇಲೆ! ಅದಕ್ಕೆ ಹಿಂದಿನ ಸಾಲನ್ನೂ ಮೆಸೇಜಿನಲ್ಲೇ ಅಚ್ಚು ಹಾಕಿ ಬೀಗಿದೆ. ಮರುದಿನ ಟೆಸ್ಟ್ ಲಾಗ್ ನೋಡಿದಾಗ ಎದೆ ಧಸಕ್ಕೆಂದಿತು: ಹಿಂದಿನ ಸಾಲು ಅಂದರೆ ಡೇಟಾಬೇಸ್ ಪಾಸ್‌ವರ್ಡ್. ನಕಲಿ ಪಾಸ್‌ವರ್ಡ್ ಆಗಿದ್ದಕ್ಕೆ ಬದುಕಿದೆ. ಈಗ ಸಂಖ್ಯೆ ಮಾತ್ರ, ಜೊತೆಗೆ ‘ಹಿಂದಿನ ಸಾಲಿನ ಕೊನೆಯನ್ನೂ ನೋಡಿ’ ಅಂತ ಒಂದು ಮಾತು.

ಇನ್ನೊಂದು ಫೈಲ್ ಕಣ್ಣಿಗೆ ಅಚ್ಚುಕಟ್ಟಾಗಿತ್ತು, ಆದರೂ ಮೊದಲ ಅಕ್ಷರದಲ್ಲೇ ಎರರ್. ಹೆಕ್ಸ್‌ನಲ್ಲಿ ತೆರೆದರೆ ತಲೆಯಲ್ಲೇ ಮೂರು ಬೈಟ್ ಕೂತಿವೆ: ಇಎಫ್, ಬಿಬಿ, ಬಿಎಫ್. ಎಡಿಟರ್ ಸೇರಿಸಿದ ಬಾಮ್, ಅಂದರೆ ಫೈಲಿನ ತಲೆಗೆ ಅಂಟಿಸುವ ಕಣ್ಣಿಗೆ ಕಾಣದ ಗುರುತು. ‘ಯುಟಿಎಫ್-8-ಸಿಗ್’ ಎನ್‌ಕೋಡಿಂಗ್‌ನಲ್ಲಿ ಓದಿದರೆ ಅದು ತಾನಾಗಿ ಕಳಚಿಹೋಗುತ್ತದೆ. ಬಳಸುವವರನ್ನು ಬೈಯುವ ಬದಲು ಅದನ್ನೇ ಹಾಕಿದೆ.

ಕಾನ್ಫಿಗ್ ಬರೆಯುವ ಇನ್ನೊಂದು ಪಠ್ಯರೂಪ ಯಾಮಲ್‌ನದು ಬೇರೆಯೇ ತರಲೆ. ಪಾರ್ಸ್ ಆಗುತ್ತದೆ, ಅರ್ಥ ಮಾತ್ರ ಬದಲಾಗಿರುತ್ತದೆ. 1.1 ಆವೃತ್ತಿಯ ನಿಯಮದಂತೆ ಕೋಟ್ ಇಲ್ಲದ ‘ನೋ’ ಎಂದರೆ ಫಾಲ್ಸ್. 22:22 ಅನ್ನು 60ರ ಲೆಕ್ಕದಲ್ಲಿ ಓದಿ 1342 ಮಾಡಿಬಿಡುತ್ತದೆ. ಹಾಗಾಗಿ ಪಾರ್ಸ್ ಆದ ಮೇಲೂ ಪ್ರತಿ ಕೀಯ (ಸೆಟ್ಟಿಂಗ್‌ನ ಹೆಸರಿನ) ಬೆಲೆ ಸಂಖ್ಯೆಯೋ ಪಠ್ಯವೋ ಎಂಬ ಟೈಪ್ ನೋಡುತ್ತೇನೆ, ಸಿಕ್ಕ ತಪ್ಪುಗಳನ್ನೆಲ್ಲ ಒಟ್ಟಿಗೇ ಹೇಳುತ್ತೇನೆ. ಒಂದೊಂದಾಗಿ ಹೇಳಿ ಐದು ಸಲ ರೀಸ್ಟಾರ್ಟ್ ಮಾಡಿಸುವುದು ಹಿಂಸೆ.

ಹಳೆಯ ನಡವಳಿಕೆ ಬದಲಾಗಿದೆ ಅಂತ ಗೊತ್ತಾಗಲಿ ಎಂದು ಮೇಜರ್ ವರ್ಷನ್ ಏರಿಸಿಯೇ ಬಿಡುಗಡೆ ಮಾಡಿದೆ. ಮೊದಲ ದೂರು: ‘ನಿನ್ನೆಯವರೆಗೆ ಓಡುತ್ತಿತ್ತು, ನಿಮ್ಮ ಹೊಸ ವರ್ಷನ್ ಹಾಳು ಮಾಡಿತು.’ ಎರರ್ ತೋರಿಸಿದ ಸಾಲು ನೋಡಿ ಅಂದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಆ ಫೈಲ್ ಕೆಟ್ಟು ಎಂಟು ತಿಂಗಳಾಗಿತ್ತಂತೆ.