ಮೂಡಿಗೆರೆ ಮಳೆಯಲ್ಲಿ ಒಣ ಉಪ್ಪಿನ ಕೋಣೆ: ನನ್ನ ಅನುಭವ

ಈ ಜುಲೈನಲ್ಲೂ ನನ್ನ ಉಪ್ಪಿನ ಕೋಣೆ ಒಣಗೇ ಇತ್ತು. ಸೀನು, ಕಫ ಕಡಿಮೆಯಾಗಲಿ ಅಂತ ಉಪ್ಪಿನ ಸಣ್ಣ ಧೂಳು ಉಸಿರಾಡುತ್ತ ಕೂರುವ ಕೋಣೆ ಇದು. ಮೂಡಿಗೆರೆ ಕಡೆಯವರಿಗೆ ಇದರ ಬೆಲೆ ಗೊತ್ತು. ಚಪ್ಪಲಿಗೂ ಬೂಷ್ಟು ಹಿಡಿಯುವ ಊರಲ್ಲಿ ಇದೆಲ್ಲ ನಿಲ್ಲಲ್ಲ ಅಂತ ಹೇಳದವರೇ ಇಲ್ಲ.

ಮೊದಲು ಗೋಡೆಗೆ ಪಿಂಕ್ ಸಾಲ್ಟ್ ಇಟ್ಟಿಗೆ ಕೂರಿಸಿದ್ದೆ. ಸುಮಾರು 80 ಸಾವಿರ ಹೋಯಿತು. ಆರಿದ್ರಾ ಮಳೆ ಹಿಡಿಯಿತು, ಇಟ್ಟಿಗೆ ಬೆವರತೊಡಗಿತು. ಪುನರ್ವಸು ಹೊತ್ತಿಗೆ ನೆಲದ ತುಂಬ ಉಪ್ಪುನೀರು, ಮೊಳೆಗೆಲ್ಲ ತುಕ್ಕು, ಸ್ವಿಚ್ ಬೋರ್ಡೂ ಹೋಯಿತು. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ 90 ಮಾಮೂಲು.

ಇಟ್ಟಿಗೆಯೆಲ್ಲ ಕಿತ್ತು ಹಾಕಿಸಿದೆ. ಅದು ಅಂದಕ್ಕೆ ಅಷ್ಟೇ. ಪೋಲೆಂಡಿನ ವೈದ್ಯ ಬೊಚ್ಕೊವ್ಸ್ಕಿ 1843ರಲ್ಲಿ ಬರೆದದ್ದು ಗಣಿಯಲ್ಲಿ ಉಪ್ಪಿನ ಧೂಳು ಉಸಿರಾಡುವವರ ಬಗ್ಗೆ, ಗೋಡೆ ನೋಡುತ್ತ ಕೂತವರ ಬಗ್ಗೆ ಅಲ್ಲ. ಹಾಗಾಗಿ ಹ್ಯಾಲೋಜನರೇಟರ್ ತಂದೆ, ಅಂದರೆ ಉಪ್ಪನ್ನು ನುಣ್ಣಗೆ ಪುಡಿಮಾಡಿ ಗಾಳಿಗೆ ಊದುವ ಮೆಷಿನ್. ಸೆಕೆಂಡ್ ಹ್ಯಾಂಡೇ ಒಂದೂವರೆ ಲಕ್ಷದ ಹತ್ತಿರ ಬಿತ್ತು. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಎರಡು. ಆ ವರ್ಷದ ಮೆಣಸಿನ ದುಡ್ಡು ಪೂರ್ತಿ ಇದಕ್ಕೇ. ಮನೆಯಲ್ಲಿ ಏನಾಯಿತು ಅಂತ ಬರೆಯಲ್ಲ.

ಆಮೇಲೆ ಕರೆಂಟ್ ಕಾಟ. ರಾತ್ರಿ ಕರೆಂಟ್ ಹೋದರೆ ಬೆಳಗ್ಗೆ ಮೆಷಿನ್ನಿನೊಳಗೆ ಉಪ್ಪು ಗಟ್ಟಿ. ಬ್ಲೇಡ್ ತಿರುಗಲ್ಲ. ಜನರೇಟರ್ ಲೈನ್ ಎಳೆದ ಮೇಲೆ ಸರಿಹೋಯಿತು. ಈಗ ತೇವ 45ರ ಆಸುಪಾಸು. ಒಂದೊಂದು ರಾತ್ರಿ ಬಕೆಟ್ ತುಂಬ ನೀರು ಸಿಗುತ್ತದೆ, ನೋಡಲು ಖುಷಿ. ಅಡುಗೆ ಉಪ್ಪು ಹಾಕಬೇಡಿ, ಅದರಲ್ಲಿ ಅಯೋಡಿನ್ ಇರುತ್ತದೆ, ಗಟ್ಟಿಯಾಗದ ಹಾಗೆ ಸೇರಿಸಿದ ಪುಡಿಯೂ ಇರುತ್ತದೆ. ಶುದ್ಧ ಸೋಡಿಯಂ ಕ್ಲೋರೈಡನ್ನೇ ಹುರಿದು ಹಾಕುತ್ತೇನೆ. ಹುರಿಯುವ ಹದ ಮಾತ್ರ ಕೇಳಬೇಡಿ.

ಮಧ್ಯೆ ಜಲನೇತಿಯನ್ನೂ, ಅಂದರೆ ಉಪ್ಪುನೀರಲ್ಲಿ ಮೂಗು ತೊಳೆಯುವುದನ್ನೂ ಮಾಡಿ ನೋಡಿದೆ. ಕಾಲು ಲೀಟರ್ ಕುದಿಸಿ ಆರಿಸಿದ ನೀರಿಗೆ ಎರಡು ಗ್ರಾಂ ಚಿಲ್ಲರೆ ಉಪ್ಪು. ಬರೀ ಮೂಗಿನ ಅಲರ್ಜಿಗಾದರೆ ನನ್ನ ಎರಡೂವರೆ ಲಕ್ಷದ ಕೋಣೆಗಿಂತ ಇದೇ ವಾಸಿ. ಉಪ್ಪಿನ ಕಲ್ಲಿನೊಳಗೆ ಬಲ್ಬ್ ಇಟ್ಟ ಸಾಲ್ಟ್ ಲ್ಯಾಂಪ್ ಸುಮ್ನೆ ದಂಡ.

ಕಾಫಿ ಹೂವಾದಾಗ, ಹೊಟ್ಟಿನ ಧೂಳೆದ್ದಾಗ ನನಗೆ ಸೀನು ನಿಲ್ಲುತ್ತಿರಲಿಲ್ಲ. ಈಗ ತುಂಬಾ ಕಡಿಮೆ, ಕಫವೂ ಸಲೀಸಾಗಿ ಬರುತ್ತದೆ. ಇನ್‌ಹೇಲರ್ ಬಿಟ್ಟಿಲ್ಲ, ಯಾರಿಗೂ ಬಿಡಿ ಅಂತ ಹೇಳಲ್ಲ. ಆಸ್ತಮಾ ಇರುವ ನಮ್ಮ ಭಾವನಿಗೆ ಒಳಗೆ ಕೂತ ಸ್ವಲ್ಪ ಹೊತ್ತಿಗೇ ಎದೆ ಬಿಗಿಯಿತು. ತಕ್ಷಣ ಆಚೆ ಕರೆತಂದೆ. ಅಂಥವರು ಡಾಕ್ಟರನ್ನು ಕೇಳದೆ ಬಂದರೆ ಕಾಫಿ ಕೊಟ್ಟು ಕಳಿಸುತ್ತೇನೆ.

ಮಳೆಗಾಲದಲ್ಲಿ ಕರೆಂಟ್ ಬಿಲ್ ತಿಂಗಳಿಗೆ 4 ಸಾವಿರ ಚಿಲ್ಲರೆ. ಸೋಲಾರ್ ಹಾಕಿಸು ಅನ್ನುತ್ತಾರೆ. ಆಷಾಢದಲ್ಲಿ ನಮ್ಮಲ್ಲಿ ಬಿಸಿಲೆಲ್ಲಿ?